ಕೊಲೆಗಾರನೇ ಕಾರಣ ಹೇಳುವಾಗ: ವಿಕ್ಟೋರಿಯನ್ ನಾಟಕೀಯ ಸ್ವಗತಗಳಲ್ಲಿ ಕೊಲೆಯ ಉದ್ದೇಶವನ್ನು ಹೋಲಿಸುವ ಬಗೆ

ಕೊಲೆ ಮಾಡಿದವರ ಬಾಯಿಂದಲೇ ಕೊಲೆಯ ಕಾರಣವನ್ನು ಕೇಳಿಸುವ ಕವಿತೆಗಳು ವಿಕ್ಟೋರಿಯನ್ ಕಾಲದ ಇಂಗ್ಲಿಷ್ ಸಾಹಿತ್ಯದಲ್ಲಿ ಹಲವಿವೆ. ಅವುಗಳಲ್ಲಿ ರಾಬರ್ಟ್ ಬ್ರೌನಿಂಗ್ ಬರೆದ ಮೂರು, ಅಂದರೆ 1836ರ ‘ಪೊರ್ಫೀರಿಯಾಸ್ ಲವರ್’, 1842ರ ‘ಮೈ ಲಾಸ್ಟ್ ಡಚೆಸ್’ ಮತ್ತು 1844ರ ‘ದ ಲ್ಯಾಬೊರೇಟರಿ’, ತರಗತಿಗಳಲ್ಲಿ ಹೆಚ್ಚಾಗಿ ಜೊತೆಜೊತೆಗೇ ಬರುತ್ತವೆ. ಹೋಲಿಕೆಯ ಪ್ರಶ್ನೆಗೆ ವಿದ್ಯಾರ್ಥಿಗಳು ಬರೆಯುವ ಉತ್ತರವೂ ಹೆಚ್ಚುಕಡಿಮೆ ಒಂದೇ: ‘ಮೈ ಲಾಸ್ಟ್ ಡಚೆಸ್’ನಲ್ಲಿ ಮಾತನಾಡುವ ಡ್ಯೂಕನದು ಅಹಂಕಾರ, ಪೊರ್ಫೀರಿಯಾಳ ಪ್ರಿಯಕರನದು ಹುಚ್ಚು, ಪ್ರಯೋಗಶಾಲೆಗೆ ಬಂದ ಹೆಂಗಸಿನದು ಹೊಟ್ಟೆಕಿಚ್ಚು. ಈ ಉತ್ತರ ಸುಳ್ಳಲ್ಲ. ಆದರೆ ಮೂವರಿಗೂ ಮೂರು ಚೀಟಿ ಅಂಟಿಸಿದ ಮೇಲೆ ಹೋಲಿಸುವುದಕ್ಕೆ ಏನೂ ಉಳಿಯುವುದಿಲ್ಲ. ಈ ಕವಿತೆಗಳಲ್ಲಿ ಉದ್ದೇಶವು ನಿರೂಪಕ ಹೇಳುವ ಕಾರಣದಲ್ಲೂ ಇಲ್ಲ, ನಾವು ಅವನಿಗೆ ಕೊಡುವ ಹೆಸರಿನಲ್ಲೂ ಇಲ್ಲ. ಅವನು ಹೇಳುವ ಕಾರಣಕ್ಕೂ ಅವನು ಹೇಳುವ ರೀತಿಗೂ ನಡುವೆ ಬಿಡುವ ಸಂದಿನಲ್ಲಿದೆ. ಆ ಸಂದನ್ನು ಹುಡುಕುವುದು ಹೇಗೆ, ಹುಡುಕಿದ್ದನ್ನು ಒಂದಕ್ಕೊಂದು ಎದುರಿಟ್ಟು ನೋಡುವುದು ಹೇಗೆ ಎಂಬುದನ್ನು ಈ ಲೇಖನ ಹಂತ ಹಂತವಾಗಿ ವಿವರಿಸುತ್ತದೆ.

ಮೊದಲ ಹಂತ: ಕೃತ್ಯದ ವಿವರವನ್ನು ಬೇರೆಯಾಗಿ ಬರೆದಿಟ್ಟುಕೊಳ್ಳಿ

ಕಾರಣಕ್ಕೆ ಕೈಹಾಕುವ ಮುನ್ನ ಏನು ನಡೆದಿದೆ ಎಂಬುದನ್ನಷ್ಟೇ, ವಿಶೇಷಣಗಳಿಲ್ಲದೆ, ಬರೆದುಕೊಳ್ಳಬೇಕು. ಯಾರು ಯಾರನ್ನು, ಯಾವುದರಿಂದ, ಮಾತು ಆರಂಭವಾಗುವುದಕ್ಕೆ ಎಷ್ಟು ಹೊತ್ತಿನ ಹಿಂದೆ ಎಂಬ ಪ್ರಶ್ನೆಗಳು ಸಾಕು. ಇಷ್ಟು ಮಾಡಿದರೇ ಮೂರು ಕವಿತೆಗಳು ಕಾಲದ ದೃಷ್ಟಿಯಿಂದ ಮೂರು ದಿಕ್ಕಿನಲ್ಲಿ ನಿಂತಿರುವುದು ಕಾಣುತ್ತದೆ. ಡ್ಯೂಕ್ ಮಾತನಾಡುವಾಗ ಹೆಂಡತಿ ತೀರಿಹೋಗಿದ್ದಾಳೆ, ಎರಡನೆಯ ಮದುವೆಯ ಮಾತುಕತೆ ನಡೆದಿದೆ. ಪೊರ್ಫೀರಿಯಾಳ ಪ್ರಿಯಕರ ಅದೇ ರಾತ್ರಿ, ಹೆಣವನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮಾತನಾಡುತ್ತಾನೆ. ‘ದ ಲ್ಯಾಬೊರೇಟರಿ’ಯ ಹೆಂಗಸು ಮಾತನಾಡುವಾಗ ಇನ್ನೂ ಯಾರೂ ಸತ್ತಿಲ್ಲ, ಮುದುಕನೊಬ್ಬ ಅವಳ ಕಣ್ಣೆದುರೇ ವಿಷ ಅರೆಯುತ್ತಿದ್ದಾನೆ. ಹಾಗಾಗಿ ಒಬ್ಬನ ಕಾರಣ ಹಳೆಯದಾಗಿ ನಯಗೊಂಡಿದೆ, ಇನ್ನೊಬ್ಬನದು ಇನ್ನೂ ಬಿಸಿಯಾಗಿದೆ, ಮೂರನೆಯವಳದು ಬರೀ ಕನಸಿನಲ್ಲಿದೆ. ಮುಗಿದ ಕೊಲೆಗೆ ಕೊಡುವ ಸಮರ್ಥನೆಯನ್ನೂ ಆಗಬೇಕಾದ ಕೊಲೆಯ ಬಯಕೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಹೋಲಿಕೆ ಆರಂಭದಲ್ಲೇ ದಾರಿ ತಪ್ಪುತ್ತದೆ.

ಈ ಹಂತದಲ್ಲಿ ಕವಿತೆ ಹೇಳದ ವಿಷಯವನ್ನೂ ಗುರುತಿಸಿಕೊಳ್ಳಬೇಕು. ‘ನಾನು ಆಜ್ಞೆ ಕೊಟ್ಟೆ, ಆಮೇಲೆ ಎಲ್ಲ ನಗೆಗಳೂ ಒಟ್ಟಿಗೆ ನಿಂತವು’ ಎಂದಷ್ಟೇ ಡ್ಯೂಕ್ ಹೇಳುತ್ತಾನೆ. ಕೊಂದರು ಎನ್ನುವ ಮಾತು ಕವಿತೆಯಲ್ಲಿ ಎಲ್ಲೂ ಇಲ್ಲ. ವಯಸ್ಸಾದ ಮೇಲೆ ಬ್ರೌನಿಂಗ್‌ನನ್ನು ಈ ಬಗ್ಗೆ ಕೇಳಿದಾಗ, ಆಜ್ಞೆ ಅವಳನ್ನು ಕೊಲ್ಲಲೆಂದೇ ಇತ್ತು ಎಂದು ಹೇಳಿ, ತುಸು ತಡೆದು, ಇಲ್ಲವೇ ಅವಳನ್ನು ಕ್ರೈಸ್ತ ಸನ್ಯಾಸಿನಿಯರ ಮಠಕ್ಕೆ ಕಳಿಸಿರಲೂಬಹುದು ಎಂದು ಸೇರಿಸಿದನೆಂದು ದಾಖಲೆಯಿದೆ. ಕವಿಯೇ ಬಾಗಿಲನ್ನು ಅರೆ ತೆರೆದಿಟ್ಟಿರುವಾಗ, ಉತ್ತರದಲ್ಲಿ ‘ಡ್ಯೂಕ್ ಕೊಲ್ಲಿಸಿದಂತೆ ಕಾಣುತ್ತದೆ’ ಎಂದು ಬರೆಯುವುದು ಜಾಣತನ.

ಎರಡನೆಯ ಹಂತ: ಎದುರು ಕೂತವರು ಯಾರು

ನಾಟಕೀಯ ಸ್ವಗತದ, ಅಂದರೆ ಕವಿಯಲ್ಲದ ಒಂದು ಪಾತ್ರವೇ ಮಾತನಾಡುವ ಕವಿತೆಯ, ನಿರೂಪಕ ಸಾಮಾನ್ಯವಾಗಿ ಗಾಳಿಗೆ ಮಾತನಾಡುವವನಲ್ಲ. ಅವನಿಗೆ ಕೇಳುಗ ಇದ್ದಾನೆ, ಆ ಕೇಳುಗನಿಂದ ಅವನಿಗೆ ಏನೋ ಆಗಬೇಕಾಗಿದೆ. ಉದ್ದೇಶದ ಬಗ್ಗೆ ಅವನು ಹೇಳುವ ಪ್ರತಿ ಮಾತೂ ಆ ಕೆಲಸಕ್ಕೆ ತಕ್ಕಂತೆ ರೂಪುಗೊಂಡಿರುತ್ತದೆ.

ಡ್ಯೂಕನ ಕೇಳುಗ ಒಬ್ಬ ಕೌಂಟನ ದೂತ. ಅವನು ಬಂದಿರುವುದು ಮದುವೆ ಮಾತಿಗೆ. ಕವಿತೆಯ ಕೊನೆಗೆ ವರದಕ್ಷಿಣೆಯ ವಿಷಯವನ್ನು ಡ್ಯೂಕ್ ಎಷ್ಟು ನಯವಾಗಿ ಎತ್ತುತ್ತಾನೆ ನೋಡಿ: ನಿಮ್ಮ ಒಡೆಯರ ಔದಾರ್ಯ ಪ್ರಸಿದ್ಧವಾದದ್ದು, ನನ್ನ ನ್ಯಾಯವಾದ ಕೇಳಿಕೆಯನ್ನು ಅವರು ತಳ್ಳಿಹಾಕಲಾರರು, ಆದರೂ ನನಗೆ ಮುಖ್ಯ ಅವರ ಮಗಳೇ. ಇದನ್ನು ಓದಿದ ಮೇಲೆ ಹಿಂದಿನ ಕಥೆಯನ್ನು ಬರೀ ತಪ್ಪೊಪ್ಪಿಗೆ ಎನ್ನಲಾಗದು. ಹೊಸ ಹೆಂಡತಿ ಹೇಗಿರಬೇಕು, ಹೇಗಿರದಿದ್ದರೆ ಏನಾಗುತ್ತದೆ ಎಂಬ ಸಂದೇಶ ದೂತನ ಮೂಲಕ ಹೋಗುತ್ತಿದೆ. ಹಾಗಲ್ಲ, ಡ್ಯೂಕ್ ತನ್ನ ಹಮ್ಮಿನಲ್ಲಿ ಬಾಯಿ ಸಡಿಲಬಿಟ್ಟ ಎಂದು ಓದುವವರೂ ಇದ್ದಾರೆ. ನನಗೆ ಮೊದಲ ಓದೇ ಹೆಚ್ಚು ಒಪ್ಪಿಗೆಯಾಗುತ್ತದೆ, ಏಕೆಂದರೆ ಸತ್ತ ಹೆಂಡತಿಯ ಚಿತ್ರದ ಮುಂದಿನ ಪರದೆಯನ್ನು ತನ್ನ ಹೊರತು ಬೇರೆ ಯಾರೂ ಸರಿಸುವುದಿಲ್ಲ ಎಂದು ಹೇಳುವ ಮನುಷ್ಯ ನಾಲಿಗೆಯ ಮೇಲಿನ ಹಿಡಿತವನ್ನು ಅಷ್ಟು ಸುಲಭವಾಗಿ ಬಿಡಲಾರ.

ಪ್ರಯೋಗಶಾಲೆಯ ಹೆಂಗಸಿನ ಕೇಳುಗ ವಿಷ ಮಾಡುವ ಮುದುಕ. ಅವನಿಗೆ ಕಾರಣ ಬೇಕಿಲ್ಲ, ಹಣ ಬೇಕು. ಆದರೂ ಅವಳು ಕಾರಣ ಹೇಳುತ್ತಲೇ ಹೋಗುತ್ತಾಳೆ. ಕೇಳದವನಿಗೆ ಹೇಳುವ ಈ ಚಪಲವನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಪೊರ್ಫೀರಿಯಾಳ ಪ್ರಿಯಕರನಿಗೆ ಮಾತ್ರ ಎದುರಿಗೆ ಕೇಳುಗನೇ ಇಲ್ಲ. ಕೊನೆಯ ಸಾಲಿನಲ್ಲಿ ಅವನು ದೇವರನ್ನು ತರುತ್ತಾನೆ: ‘ಆದರೂ ದೇವರು ಒಂದು ಮಾತೂ ಆಡಿಲ್ಲ!’ ಅಂದರೆ ರಾತ್ರಿಯಿಡೀ ಅವನು ತೀರ್ಪಿಗಾಗಿ ಕಾದಿದ್ದಾನೆ. ಆ ಮೌನ ಅವನಿಗೆ ಒಪ್ಪಿಗೆಯೋ ಭಯವೋ ಎಂಬುದನ್ನು ಕವಿತೆ ತೀರ್ಮಾನಿಸುವುದಿಲ್ಲ. 1842ರ ಸಂಕಲನದಲ್ಲಿ ಬ್ರೌನಿಂಗ್ ಈ ಕವಿತೆಯನ್ನು ‘ಜೊಹಾನೆಸ್ ಅಗ್ರಿಕೋಲಾ’ದ ಜೊತೆ ‘ಮ್ಯಾಡ್‌ಹೌಸ್ ಸೆಲ್ಸ್’ (ಹುಚ್ಚಾಸ್ಪತ್ರೆಯ ಕೋಣೆಗಳು) ಎಂಬ ತಲೆಬರಹದಡಿ ಅಚ್ಚು ಹಾಕಿಸಿದ. ದೇವರು ತನ್ನನ್ನು ಮೊದಲೇ ಆರಿಸಿಕೊಂಡಿದ್ದಾನೆ, ತಾನು ಯಾವ ಪಾಪ ಮಾಡಿದರೂ ಅದು ತಟ್ಟದು ಎಂದು ನಂಬಿದವನ ಕವಿತೆ ಅದು. ಎರಡನ್ನೂ ಜೊತೆಯಾಗಿ ಓದಿದರೆ ಪ್ರಿಯಕರನ ಕೊನೆಯ ಸಾಲಿನ ತೂಕವೇ ಬದಲಾಗುತ್ತದೆ.

ಮೂರನೆಯ ಹಂತ: ಹೇಳಿದ ಕಾರಣ ಒಂದೇ ವಾಕ್ಯದಲ್ಲಿ

ಇದನ್ನು ಬೇಗ ಮುಗಿಸಬಹುದು. ನಿರೂಪಕನ ಮಾತಿನಲ್ಲೇ, ನಿಮ್ಮ ತೀರ್ಪನ್ನು ಬೆರೆಸದೆ ಬರೆಯಿರಿ. ಡ್ಯೂಕ್: ಅವಳು ಎಲ್ಲರಿಗೂ ಒಂದೇ ನಗೆ ಬೀರುತ್ತಿದ್ದಳು, ನನ್ನ ಒಂಬೈನೂರು ವರ್ಷದ ಹೆಸರಿನ ಕೊಡುಗೆಯನ್ನು ಯಾರು ಯಾರದೋ ಕೊಡುಗೆಯ ಸಾಲಿಗೆ ಸೇರಿಸುತ್ತಿದ್ದಳು. ಪ್ರಿಯಕರ: ಆ ಗಳಿಗೆಯಲ್ಲಿ ಅವಳು ಪೂರ್ಣವಾಗಿ ನನ್ನವಳಾಗಿದ್ದಳು, ಅದನ್ನು ಹಾಗೇ ಉಳಿಸಬೇಕಿತ್ತು. ಹೆಂಗಸು: ನನ್ನವನು ಇನ್ನೊಬ್ಬಳ ಜೊತೆಗಿದ್ದಾನೆ, ಇಬ್ಬರೂ ಸೇರಿ ನನ್ನನ್ನು ನೋಡಿ ನಗುತ್ತಿದ್ದಾರೆ.

ನಾಲ್ಕನೆಯ ಹಂತ: ಕಾರಣದ ಅಳತೆಗೆ ಸಿಗದೆ ಉಳಿಯುವ ವಿವರ

ಇಡೀ ಕೆಲಸದ ಜೀವಾಳ ಇಲ್ಲಿದೆ, ಹೆಚ್ಚು ಸಮಯವನ್ನೂ ಇಲ್ಲಿಯೇ ಕೊಡಬೇಕು. ಮೂರನೆಯ ಹಂತದಲ್ಲಿ ಬರೆದ ವಾಕ್ಯವನ್ನು ಕೈಯಲ್ಲಿಟ್ಟುಕೊಂಡು ಕವಿತೆಯನ್ನು ಮತ್ತೆ ಮೊದಲಿನಿಂದ ಓದಿ, ಆ ವಾಕ್ಯಕ್ಕೆ ಅಗತ್ಯವೇ ಇಲ್ಲದ, ಆದರೂ ನಿರೂಪಕ ಬಾಯಿಬಿಟ್ಟ ವಿವರಗಳಿಗೆ ಅಡಿಗೆರೆ ಹಾಕುತ್ತ ಹೋಗಿ.

ಡ್ಯೂಕನ ದೂರಿಗೆ ಅವನೇ ಕೊಡುವ ಸಾಕ್ಷ್ಯ ನಾಲ್ಕು: ಅವಳ ಎದೆಯ ಮೇಲೆ ಅವನೇ ತೊಡಿಸಿದ ಒಡವೆ, ಪಡುವಣದಲ್ಲಿ ಇಳಿಯುವ ಹಗಲು, ತೋಟದಲ್ಲಿ ಯಾವನೋ ಅಧಿಕಪ್ರಸಂಗಿ ಮುರಿದು ತಂದುಕೊಟ್ಟ ಚೆರಿ ಕೊಂಬೆ, ಜಗಲಿಯ ಸುತ್ತ ಅವಳು ಸವಾರಿ ಮಾಡುತ್ತಿದ್ದ ಬಿಳಿ ಹೇಸರಗತ್ತೆ. ಈ ಪಟ್ಟಿಯಲ್ಲಿ ಪ್ರತಿಸ್ಪರ್ಧಿ ಎನ್ನಬಹುದಾದ ಮನುಷ್ಯ ಒಬ್ಬನೂ ಇಲ್ಲ. ಸಂಜೆಯ ಬೆಳಕಿನ ಮೇಲೆ ಗಂಡನಿಗೆ ಮತ್ಸರವೆಂದರೆ ಅದು ಸಾಮಾನ್ಯ ಅರ್ಥದ ಮತ್ಸರವಾಗಲಾರದು. ಇನ್ನೂ ಮುಖ್ಯವಾದದ್ದು ಮುಂದೆ ಬರುತ್ತದೆ. ಅವಳಿಗೆ ಹೇಳಿ ತಿದ್ದಬಹುದಿತ್ತಲ್ಲ ಎಂಬ ಪ್ರಶ್ನೆಯನ್ನು ಯಾರೂ ಕೇಳದಿದ್ದರೂ ಅವನೇ ಎತ್ತಿಕೊಳ್ಳುತ್ತಾನೆ. ಹೇಳುವುದಕ್ಕೆ ಮಾತಿನ ಚಾತುರ್ಯ ಬೇಕು, ಅದು ತನಗಿಲ್ಲ ಎನ್ನುತ್ತಾನೆ. ಇದನ್ನು ಹೇಳುತ್ತಿರುವ ಮಾತಂತೂ ಅತಿ ಚತುರವಾಗಿದೆ. ಚಾತುರ್ಯ ಇದ್ದಿದ್ದರೂ, ಅವಳು ತಿದ್ದಿಕೊಳ್ಳಲು ಒಪ್ಪಿದ್ದರೂ, ಹಾಗೆ ಹೇಳುವುದೇ ಬಗ್ಗಿದಂತಾಗುತ್ತಿತ್ತು, ತಾನು ಎಂದೂ ಬಗ್ಗುವವನಲ್ಲ ಎನ್ನುತ್ತಾನೆ. ಹಾಗಾದರೆ ಕೊಲೆಯ ಕಾರಣ ಅವಳ ನಗೆಯಲ್ಲ. ತನಗೆ ನೋವಾಗಿದೆ ಎಂದು ಹೆಂಡತಿಗೆ ಹೇಳುವುದಕ್ಕಿಂತ ಅವಳನ್ನು ಇಲ್ಲವಾಗಿಸುವುದು ಅವನಿಗೆ ಹಗುರವಾಗಿ ಕಂಡಿತು. ‘ಅಹಂಕಾರ’ ಎಂಬ ಚೀಟಿ ಇಷ್ಟನ್ನು ಹೇಳುವುದಿಲ್ಲ.

ಪ್ರಿಯಕರನ ಕವಿತೆಯಲ್ಲಿ ಮೈಯ ಭಂಗಿಗಳನ್ನು ಗಮನಿಸಬೇಕು. ಮೊದಲ ಅರ್ಧದಲ್ಲಿ ಕ್ರಿಯಾಪದಗಳೆಲ್ಲ ಪೊರ್ಫೀರಿಯಾಳವು. ಅವಳು ಬಿರುಗಾಳಿಯನ್ನು ಹೊರಗಿಟ್ಟು ಬಾಗಿಲು ಹಾಕುತ್ತಾಳೆ, ಮಂಡಿಯೂರಿ ಬೆಂಕಿ ಹೊತ್ತಿಸುತ್ತಾಳೆ, ಒದ್ದೆ ಮೇಲಂಗಿ ತೆಗೆಯುತ್ತಾಳೆ, ಅವನನ್ನು ಕರೆಯುತ್ತಾಳೆ. ಅವನು ಉತ್ತರ ಕೊಡುವುದಿಲ್ಲ. ‘ನಾನು ಸುಮ್ಮನಿದ್ದೆ’ ಎಂದು ಕೂಡ ಹೇಳದೆ, ಯಾವ ದನಿಯೂ ಉತ್ತರಿಸಲಿಲ್ಲ ಎನ್ನುತ್ತಾನೆ, ಆ ದನಿ ಬೇರೆ ಯಾರದ್ದೋ ಎಂಬಂತೆ. ಅವನ ತೋಳನ್ನು ತನ್ನ ಸೊಂಟಕ್ಕೆ ಸುತ್ತಿಕೊಳ್ಳುವವಳೂ ಅವಳೇ, ಅವನ ಕೆನ್ನೆಯನ್ನು ತನ್ನ ಹೆಗಲಿಗೆ ಒರಗಿಸಿಕೊಳ್ಳುವವಳೂ ಅವಳೇ. ಕೊಲೆಯ ನಂತರ ಅವನು ಅವಳ ತಲೆಯನ್ನು ಮೊದಲಿನಂತೆಯೇ ನಿಲ್ಲಿಸುತ್ತಾನೆ, ಆದರೆ ಈ ಸಲ ತಲೆ ಒರಗಿರುವುದು ಅವನ ಹೆಗಲಿಗೆ. ಹೇಳಿದ ಕಾರಣ ‘ಅವಳು ನನ್ನವಳಾದ ಗಳಿಗೆಯನ್ನು ಉಳಿಸಿದೆ’ ಎಂದಿತ್ತು; ಭಂಗಿ ಹೇಳುವುದು ಬೇರೆ. ಆ ಗಳಿಗೆ ಉಳಿಯಲೇ ಇಲ್ಲ, ಅದು ತಿರುಗಿಬಿದ್ದಿತು. ಯಾರು ಆಡಿಸುವವರು, ಯಾರು ಆಡುವವರು ಎಂಬುದು ಅದಲುಬದಲಾಯಿತು. ಅವಳು ಔತಣದಿಂದ ಎದ್ದು ಬಂದವಳು, ಕುಲದ ಬಿಗುಮಾನವನ್ನೂ ‘ಪೊಳ್ಳು ಬಂಧ’ಗಳನ್ನೂ ಕಡಿದುಕೊಳ್ಳಲಾರದವಳು ಎಂದು ಅವನೇ ದೂರುತ್ತಾನಾದ್ದರಿಂದ ಇಬ್ಬರ ನಡುವೆ ಅಂತಸ್ತಿನ ಅಂತರವಿದ್ದಂತೆಯೂ ತೋರುತ್ತದೆ.

ವಿಷ ಕೊಳ್ಳಲು ಬಂದ ಹೆಂಗಸು ಎರಡು ಕಡೆ ಸಿಕ್ಕಿಬೀಳುತ್ತಾಳೆ. ಮೊದಲನೆಯದು, ಸವತಿಯಂತಿರುವ ಒಬ್ಬಳಿಗಾಗಿ ಬಂದವಳು ಪೌಲೀನ್‌ಗೆ ಅರ್ಧ ಗಂಟೆಯ ಆಯುಸ್ಸು, ಎಲಿಸ್ ಕುಸಿದು ಬೀಳುವುದು ಎಂದು ಬೇರೆ ಹೆಂಗಸರ ಹೆಸರು ಹಿಡಿದು ಲೆಕ್ಕ ಹಾಕತೊಡಗುತ್ತಾಳೆ. ಕಿವಿಯೋಲೆ, ಉಂಗುರ, ಬೀಸಣಿಗೆಯ ಹಿಡಿಯಲ್ಲಿ ಸಾವನ್ನು ಹೊತ್ತು ತಿರುಗುವ ಸುಖಕ್ಕೆ ಮರುಳಾಗುತ್ತಾಳೆ. ಎರಡನೆಯದು ಇನ್ನೂ ಸೂಕ್ಷ್ಮವಾದದ್ದು. ಆ ಇನ್ನೊಬ್ಬಳು ದೊಡ್ಡ ಮೈಕಟ್ಟಿನವಳು, ತನ್ನಂತೆ ಪುಟ್ಟವಳಲ್ಲ, ಅದಕ್ಕೇ ಅವನು ಮರುಳಾದ ಎನ್ನುತ್ತಾಳೆ. ನಿನ್ನೆ ರಾತ್ರಿ ಅವರಿಬ್ಬರೂ ಪಿಸುಗುಡುತ್ತಿದ್ದಾಗ ತಾನು ಅವಳನ್ನು ದಿಟ್ಟಿಸಿದೆ, ಅರ್ಧ ನಿಮಿಷ ದಿಟ್ಟಿಸಿದರೆ ಸುಟ್ಟು ಬೀಳುತ್ತಾಳೆ ಅಂದುಕೊಂಡೆ, ಅವಳು ಬೀಳಲಿಲ್ಲ ಎನ್ನುತ್ತಾಳೆ. ನೋಟಕ್ಕೆ ಆಗದ್ದನ್ನು ವಿಷ ಮಾಡಬೇಕಾಗಿದೆ. ಇದು ಬರೀ ಹೊಟ್ಟೆಕಿಚ್ಚಲ್ಲ. ಯಾರ ಕಣ್ಣಿಗೂ ಬೀಳದಂತಾಗಿರುವ ಒಬ್ಬಳು ತನ್ನ ಇರವನ್ನು ಸಾಬೀತು ಮಾಡಲು ಹೊರಟಿದ್ದಾಳೆ. ಕೇಳದ ಮುದುಕನಿಗೆ ಎಲ್ಲವನ್ನೂ ಹೇಳುವ ಚಪಲಕ್ಕೆ ಕಾರಣವೂ ಇದೇ ಇರಬೇಕು.

ಐದನೆಯ ಹಂತ: ದನಿಯೆತ್ತಿ ಓದಿ

ಛಂದಸ್ಸಿನ ಮಾತನ್ನು ಉತ್ತರದ ಕೊನೆಗೆ ಒಂದು ಪ್ಯಾರಾದಲ್ಲಿ ತುರುಕುವ ಅಭ್ಯಾಸ ವಿದ್ಯಾರ್ಥಿಗಳಲ್ಲಿದೆ. ಅದರಿಂದ ಪ್ರಯೋಜನವಿಲ್ಲ. ಉದ್ದೇಶ ಎಲ್ಲಿ ಕದಲುತ್ತದೋ ಅಲ್ಲಿ ಮಾತ್ರ ಛಂದಸ್ಸನ್ನು ತನ್ನಿ.

ಡ್ಯೂಕನ 56 ಸಾಲುಗಳು ಐದು ಗಣದ ಪ್ರಾಸಬದ್ಧ ದ್ವಿಪದಿಗಳಲ್ಲಿವೆ, ಆದರೆ ವಾಕ್ಯಗಳು ಸಾಲಿನ ಕೊನೆಯಲ್ಲಿ ನಿಲ್ಲದೆ ಮುಂದಕ್ಕೆ ಹರಿಯುವುದರಿಂದ ಓದುವಾಗ ಪ್ರಾಸ ಕಿವಿಗೆ ಬೀಳುವುದೇ ಇಲ್ಲ. ಒಳಗೆ ಬಿಗಿ, ಹೊರಗೆ ಸಲೀಸು. ಈ ಹರಿಯುವ ವಾಕ್ಯಗಳ ನಡುವೆ ‘ಐ ಗೇವ್ ಕಮಾಂಡ್ಸ್’ (ನಾನು ಆಜ್ಞೆ ಕೊಟ್ಟೆ) ಎಂಬ ಮೂರು ಪದ ಸಾಲಿನ ಕೊನೆಗೆ ಬಂದು ಥಟ್ಟನೆ ನಿಲ್ಲುತ್ತದೆ. ಪ್ರಿಯಕರನ 60 ಸಾಲುಗಳು ನಾಲ್ಕು ಗಣದವು. ಐದೈದು ಸಾಲಿಗೆ ಒಂದು ಪ್ರಾಸದ ಘಟಕ, ಅದರಲ್ಲಿ ಎರಡನೆಯ ಪ್ರಾಸ ಕೊನೆಯಲ್ಲಿ ಒಂದು ಸಲ ಹೆಚ್ಚಾಗಿ ಬರುತ್ತದೆ. ಕೊಲೆಯ ಕ್ರಿಯಾಪದ ಸಾಲಿನ ಮೊದಲರ್ಧದಲ್ಲೇ ಮುಗಿದು, ಅದೇ ಸಾಲಿನ ಉಳಿದರ್ಧದಲ್ಲಿ ‘ಅವಳಿಗೆ ನೋವಾಗಲಿಲ್ಲ’ ಎಂಬ ಮಾತು, ಮರುಸಾಲಿನಲ್ಲಿ ‘ನೋವಾಗಲಿಲ್ಲವೆಂದು ನನಗೆ ಖಾತ್ರಿಯಿದೆ’ ಎಂಬ ಮಾತು ಬರುತ್ತದೆ. ಯಾರೂ ಕೇಳದ ಪ್ರಶ್ನೆಗೆ ಎರಡು ಸಲ ಉತ್ತರ ಕೊಡುವವನಿಗೆ ಖಾತ್ರಿ ಇರುವುದಿಲ್ಲ. ಹೆಂಗಸಿನ 48 ಸಾಲುಗಳು ಹನ್ನೆರಡು ಪದ್ಯಗಳಾಗಿ ಕುಣಿತದ ಲಯದಲ್ಲಿ ಓಡುತ್ತವೆ. ಕವಿತೆ ಮುಗಿಯುವುದೇ ಅವಳು ರಾಜನ ಅರಮನೆಯಲ್ಲಿ ನರ್ತಿಸಲು ಹೊರಡುವಲ್ಲಿ. ಆ ಸಂತೋಷ ನಟನೆಯಲ್ಲ ಎಂಬುದಕ್ಕೆ ಲಯವೇ ಸಾಕ್ಷಿ.

ಆರನೆಯ ಹಂತ: ಹೋಲಿಕೆಗೆ ಒಂದು ಎಳೆ ಹಿಡಿಯಿರಿ

ಇಲ್ಲಿಯವರೆಗೆ ಮೂರನ್ನೂ ಬಿಡಿಯಾಗಿ ನೋಡಿದ್ದಾಯಿತು. ಹೋಲಿಕೆ ಎಂದರೆ ಮೂರು ಬಿಡಿ ಟಿಪ್ಪಣಿಗಳನ್ನು ‘ಅದೇ ರೀತಿ’, ‘ಇದಕ್ಕೆ ವ್ಯತಿರಿಕ್ತವಾಗಿ’ ಎಂದು ಜೋಡಿಸುವುದಲ್ಲ. ಮೂರೂ ಕವಿತೆಗಳಲ್ಲಿ ಹಾದುಹೋಗುವ ಒಂದು ವಸ್ತುವನ್ನು ಆರಿಸಿಕೊಂಡು, ಪ್ರತಿಯೊಬ್ಬ ನಿರೂಪಕ ಅದಕ್ಕೆ ಏನು ಮಾಡುತ್ತಾನೆ ಎಂದು ಕೇಳಬೇಕು. ಸ್ವಾಮ್ಯ ಎಂಬ ಎಳೆ ಎಲ್ಲರ ಕೈಗೂ ಸಿಗುತ್ತದೆ, ಸವೆದೂ ಹೋಗಿದೆ. ನಾನು ಸೂಚಿಸುವುದು ಸತ್ತವಳ ಮುಖವನ್ನು.

ಡ್ಯೂಕ್ ಮುಖವನ್ನು ಗೋಡೆಗೆ ಏರಿಸಿ ಪರದೆ ಹಾಕುತ್ತಾನೆ. ಬದುಕಿದ್ದಾಗ ಆ ಕೆನ್ನೆಯ ಕೆಂಪು ಯಾರಿಗೆ ಬೇಕಾದರೂ ಏರುತ್ತಿತ್ತು. ಈಗ ಅದು ಅವನು ಪರದೆ ಸರಿಸಿದಾಗ, ಅವನು ಆರಿಸಿದ ಅತಿಥಿಗೆ ಮಾತ್ರ ಕಾಣುತ್ತದೆ. ಅವನಿಗೆ ಬೇಕಾದದ್ದು ಅವಳ ನಗೆ ನಿಲ್ಲುವುದಲ್ಲ, ಅದರ ಹಂಚಿಕೆಯ ಅಧಿಕಾರ. ಪ್ರಿಯಕರ ಮುಚ್ಚಿದ ರೆಪ್ಪೆಗಳನ್ನು, ಒಳಗೆ ದುಂಬಿಯಿರುವ ಮೊಗ್ಗನ್ನು ಬಿಡಿಸುವವನಂತೆ, ಎಚ್ಚರದಿಂದ ತೆರೆಯುತ್ತಾನೆ; ನೀಲಿ ಕಣ್ಣುಗಳು ಕಲೆಯಿಲ್ಲದೆ ಮತ್ತೆ ನಕ್ಕವು ಎನ್ನುತ್ತಾನೆ. ದುಂಬಿ ಕುಟುಕಬಹುದೆಂಬ ಅಳುಕು ಆ ಉಪಮೆಯಲ್ಲಿ ಇದ್ದೇ ಇದೆ. ಅವನಿಗೆ ಬೇಕಾದದ್ದು ಆ ಕಣ್ಣುಗಳು ತನ್ನನ್ನು ದೂರುತ್ತಿಲ್ಲ ಎಂಬ ಭರವಸೆ. ಹೆಂಗಸಿಗೆ ಮುಖ ಉಳಿಯುವುದೇ ಬೇಡ: ನೋವು ಕಡಿಮೆ ಮಾಡಬೇಡ, ಸಾವು ಅನುಭವಕ್ಕೆ ಬರಲಿ, ಆ ಚೆಲುವನ್ನು ಸುಡಲಿ, ಕಚ್ಚಲಿ, ಸಾಯುವ ಅವಳ ಮುಖ ಅವನಿಗೆ ನೆನಪಿರುತ್ತದೆ ಎನ್ನುತ್ತಾಳೆ. ಕೊನೆಯ ಈ ಮಾತಿನಲ್ಲಿ ಗುರಿ ಬದಲಾಗಿದೆ. ವಿಷ ಅವಳಿಗೆ, ಶಿಕ್ಷೆ ಅವನಿಗೆ. ಗಂಡಸರಿಬ್ಬರೂ ಮುಖವನ್ನು ಕೆಡದಂತೆ ಉಳಿಸಿಕೊಳ್ಳುತ್ತಾರೆ, ಅವಳು ಕೆಡಿಸಿ ಇನ್ನೊಬ್ಬರ ನೆನಪಿನಲ್ಲಿ ಉಳಿಸುತ್ತಾಳೆ. ಇಂಥ ಒಂದು ವಾಕ್ಯ ಸಿಕ್ಕಿದರೆ ಉತ್ತರದ ಬೆನ್ನೆಲುಬು ಸಿಕ್ಕಿದಂತೆ.

ಏಳನೆಯ ಹಂತ: ಚರಿತ್ರೆಯನ್ನು ಎಲ್ಲಿ ನಿಲ್ಲಿಸಬೇಕು

ಹಿನ್ನೆಲೆ ಉಪಯುಕ್ತ, ಮಿತಿಯಲ್ಲಿದ್ದರೆ. ಡ್ಯೂಕನ ಹಿಂದೆ ಇಟಲಿಯ ಫೆರಾರಾದ ನಿಜವಾದ ಡ್ಯೂಕ್ ಎರಡನೆಯ ಅಲ್ಫೋನ್ಸೊ ಇದ್ದಾನೆ. ಅವನು 1558ರಲ್ಲಿ ಲುಕ್ರೇಜಿಯಾ ದೆ ಮೆಡಿಚಿಯನ್ನು ಮದುವೆಯಾದ. 1561ರಲ್ಲಿ, ಇನ್ನೂ ಹದಿಹರೆಯದಲ್ಲೇ, ಅವಳು ತೀರಿಕೊಂಡಳು, ವಿಷಪ್ರಯೋಗದ ಗುಮಾನಿ ಹರಡಿತು. 1565ರಲ್ಲಿ ಅವನು ಆಸ್ಟ್ರಿಯಾದ ಬಾರ್ಬರಾಳನ್ನು ಮದುವೆಯಾದ, ಆ ಸಂಬಂಧ ಇನ್ಸ್‌ಬ್ರುಕ್ ಆಸ್ಥಾನದ ಮೂಲಕ ಕುದುರಿದ್ದು. ಕವಿತೆಯ ಕೊನೆಯ ಸಾಲಿನಲ್ಲಿ ಡ್ಯೂಕ್ ತೋರಿಸುವ ನೆಪ್ಚೂನನ ಕಂಚಿನ ಪ್ರತಿಮೆಯನ್ನು ಎರಕ ಹೊಯ್ದವನು ‘ಇನ್ಸ್‌ಬ್ರುಕ್‌ನ ಕ್ಲಾಸ್’ ಎನ್ನುವುದು ಈ ಬೆಳಕಿನಲ್ಲಿ ದೂತನಿಗೆ ಹಾಕಿದ ಸಣ್ಣ ಮಣೆಯಂತೆ ಕಾಣುತ್ತದೆ. ‘ದ ಲ್ಯಾಬೊರೇಟರಿ’ಯ ಹಿಂದೆ ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿಯ ಕಾಲದ ವಿಷಪ್ರಕರಣಗಳ ನೆನಪಿದೆ, ವಿಷವಿಕ್ಕಿ ಕೊಂದ ಮಾರ್ಕೀಸ್ ದ ಬ್ರಿನ್ವಿಲಿಯೆಗೆ ಪ್ಯಾರಿಸ್ಸಿನಲ್ಲಿ ಶಿರಚ್ಛೇದದ ಶಿಕ್ಷೆಯಾದದ್ದು 1676ರಲ್ಲಿ. ಪೊರ್ಫೀರಿಯಾಳ ಪ್ರಿಯಕರನ ವಿಷಯದಲ್ಲಿ ವೈದ್ಯ ಜೇಮ್ಸ್ ಕೌಲ್ಸ್ ಪ್ರಿಚರ್ಡ್ 1835ರಲ್ಲಿ ವಿವರಿಸಿದ ‘ನೈತಿಕ ಉನ್ಮಾದ’ದ ಕಲ್ಪನೆ, ಅಂದರೆ ಬುದ್ಧಿ ಕೆಡದೆ ಭಾವನೆಗಳಷ್ಟೇ ಕೆಡುವ ಸ್ಥಿತಿ, ಪ್ರಸ್ತುತವಾಗುತ್ತದೆ. ಕೃತ್ಯ ತಪ್ಪೆಂದು ಆರೋಪಿಗೆ ಗೊತ್ತಿತ್ತೇ ಎಂಬುದನ್ನು ಅಳತೆಗೋಲಾಗಿಸಿದ ಮೆಕ್‌ನಾಟನ್ ನಿಯಮಗಳು 1843ರಲ್ಲಿ ಬಂದವು, ಕವಿತೆ ಅದಕ್ಕೂ ಮೊದಲಿನದು. ಆದ್ದರಿಂದ ಕವಿಯ ಮೇಲೆ ಆ ನಿಯಮಗಳ ಪ್ರಭಾವವಿದೆ ಎಂದು ಬರೆಯುವಂತಿಲ್ಲ. ರೋಗದ ಹೆಸರು ಹಚ್ಚಿ ಸುಮ್ಮನಾಗುವುದು ಇನ್ನೂ ದೊಡ್ಡ ಅಪಾಯ: ಹುಚ್ಚು ಎಂದ ತಕ್ಷಣ ಉದ್ದೇಶದ ವಿಚಾರಣೆಯೇ ನಿಂತುಹೋಗುತ್ತದೆ.

ಬರವಣಿಗೆ

ಕವಿತೆಗೊಂದು ಪ್ಯಾರಾ ಎಂದು ಬರೆಯಬೇಡಿ. ಕೇಳುಗ, ಭಂಗಿ, ಮುಖ ಎಂದು ಎಳೆಗೊಂದು ಪ್ಯಾರಾ ಬರೆದು, ಪ್ರತಿ ಪ್ಯಾರಾದಲ್ಲೂ ಕನಿಷ್ಠ ಎರಡು ಕವಿತೆಗಳು ಎದುರಾಬದುರಾಗಲಿ. ಆರಂಭದ ವಾಕ್ಯ ಹೀಗಿರಬಹುದು: ‘ಡ್ಯೂಕನೂ ಪ್ರಿಯಕರನೂ ತಾವು ಪ್ರೀತಿಗೆ ಆದ ಅಪಚಾರವನ್ನು ಸರಿಪಡಿಸಿದೆವೆಂದು ಹೇಳಿಕೊಂಡರೂ, ಒಬ್ಬ ಬಾಯಿಬಿಟ್ಟು ಕೇಳಬೇಕಾಗುವ ಅವಮಾನದಿಂದಲೂ ಇನ್ನೊಬ್ಬ ಬೇರೆಯವರ ಕೈಯಲ್ಲಿ ಆಡುವ ಅವಮಾನದಿಂದಲೂ ಪಾರಾಗಲು ಕೊಲೆಯ ಮೊರೆಹೊಗುತ್ತಾರೆ.’ ಇದರಲ್ಲಿ ಸಾಮ್ಯವೂ ಭೇದವೂ ಒಂದೇ ಉಸಿರಿನಲ್ಲಿವೆ, ಎರಡನ್ನೂ ಸಾಲು ತೋರಿಸಿ ಸಮರ್ಥಿಸಬಹುದು. ಉದ್ಧರಣೆ ಚಿಕ್ಕದಿರಲಿ, ನಾಲ್ಕು ಸಾಲು ಎತ್ತಿ ಬರೆದು ಒಂದು ಮಾತೂ ಆಡದೆ ಮುಂದೆ ಹೋಗುವುದಕ್ಕಿಂತ ಮೂರು ಪದ ಎತ್ತಿ ಮೂರು ವಾಕ್ಯ ಬರೆಯುವುದು ಮೇಲು.

ವಿಧಾನ ಕೈಗೆ ಹತ್ತಿತೇ ಎಂದು ಪರೀಕ್ಷಿಸಲು

ಬ್ರೌನಿಂಗ್‌ನದೇ ‘ದ ರಿಂಗ್ ಅಂಡ್ ದ ಬುಕ್’ (1868-69) ಹಿಡಿಯಬಹುದು. ಹನ್ನೆರಡು ಭಾಗಗಳ, 21,000ಕ್ಕೂ ಮಿಕ್ಕ ಸಾಲುಗಳ ಆ ಕೃತಿಯನ್ನು ಪೂರ್ತಿ ಓದಬೇಕಿಲ್ಲ, ಐದನೆಯ ಮತ್ತು ಹನ್ನೊಂದನೆಯ ಭಾಗ ಸಾಕು. 1698ರ ಜನವರಿಯಲ್ಲಿ ರೋಮಿನಲ್ಲಿ ಹೆಂಡತಿ ಪೊಂಪಿಲಿಯಾಳನ್ನೂ ಅವಳನ್ನು ಸಾಕಿದ ತಂದೆತಾಯಿಗಳನ್ನೂ ಇರಿದ ಕೌಂಟ್ ಗ್ವಿದೊ ಫ್ರಾಂಚೆಸ್ಕಿನಿ ಎರಡೂ ಭಾಗಗಳಲ್ಲಿ ತಾನೇ ಮಾತನಾಡುತ್ತಾನೆ. ಐದನೆಯ ಭಾಗದಲ್ಲಿ ನ್ಯಾಯಾಧೀಶರೆದುರು ಮಾನರಕ್ಷಣೆಯೇ ಕಾರಣ. ಹನ್ನೊಂದನೆಯದರಲ್ಲಿ, ಮರಣದಂಡನೆಗೆ ಮುಂಚಿನ ರಾತ್ರಿ ಸೆರೆಮನೆಯಲ್ಲಿ, ಆ ಕಾರಣ ಕಳಚಿಬಿದ್ದು ಶುದ್ಧ ದ್ವೇಷ ಹೊರಬೀಳುತ್ತದೆ. ಕೇಳುಗ ಬದಲಾದರೆ ಉದ್ದೇಶದ ನಿರೂಪಣೆ ಹೇಗೆ ಬದಲಾಗುತ್ತದೆ ಎಂಬುದಕ್ಕೆ ಇಷ್ಟು ಸ್ಪಷ್ಟವಾದ ಉದಾಹರಣೆ ಬೇರೆ ಸಿಗುವುದು ಕಷ್ಟ.

ಡಾಂಟೆ ಗೇಬ್ರಿಯಲ್ ರೊಸೆಟ್ಟಿ 1870ರಲ್ಲಿ ಪ್ರಕಟಿಸಿದ ‘ಎ ಲಾಸ್ಟ್ ಕನ್ಫೆಷನ್’ ಅಷ್ಟು ಉದ್ದವಿಲ್ಲ. ಆಸ್ಟ್ರಿಯದ ಆಳ್ವಿಕೆಯ ವಿರುದ್ಧ ಹೋರಾಡಿ ಸಾಯುತ್ತಿರುವ ಇಟಲಿಯ ದೇಶಭಕ್ತನೊಬ್ಬ, ತಾನು ಮಗುವಿನಿಂದ ಸಾಕಿ ಆಮೇಲೆ ಪ್ರೀತಿಸಿದ ಹುಡುಗಿಯನ್ನು ಕೊಂದದ್ದನ್ನು ಪಾದ್ರಿಯ ಮುಂದೆ ಹೇಳಿಕೊಳ್ಳುತ್ತಾನೆ. ಅವಳಿಗೆ ಕೊಡಲೆಂದು ತಂದ ಕಠಾರಿಯೇ ಆಯುಧ, ಅವಳು ತಿರಸ್ಕಾರದಿಂದ ನಕ್ಕ ನಗೆಯೇ ಹೇಳಿದ ಕಾರಣ. ಅಂಥದೇ ನಗೆಯನ್ನು ಅವನು ಅದಕ್ಕೆ ಮುಂಚೆ ವೇಶ್ಯೆಯೊಬ್ಬಳ ಬಾಯಲ್ಲಿ ಕೇಳಿರುತ್ತಾನೆ. ಎಲ್ಲರಿಗೂ ಹಂಚಿದ ನಗೆಗಾಗಿ ಕೊಲ್ಲಿಸಿದ ಡ್ಯೂಕನನ್ನೂ ತನ್ನ ಮುಖಕ್ಕೇ ನಕ್ಕ ನಗೆಗಾಗಿ ಕೊಂದ ಇವನನ್ನೂ ಎದುರಿಗಿಟ್ಟು, ಮೊದಲ ಹಂತದಿಂದ ಆರಂಭಿಸಿ. ಪಾದ್ರಿಯಿಂದ ಇವನಿಗೆ ಆಗಬೇಕಾದದ್ದೇನು ಎಂಬ ಪ್ರಶ್ನೆ ಎರಡನೆಯ ಹಂತದಲ್ಲೇ ನಿಮ್ಮನ್ನು ಸಾಕಷ್ಟು ಹೊತ್ತು ಹಿಡಿದು ನಿಲ್ಲಿಸುತ್ತದೆ.